ಅಂಡಾಶಯದ ಕ್ಯಾನ್ಸರ್: ನಮ್ಮ ಭಾಗದ ಹೆಣ್ಮಕ್ಕಳಿಗೆ ತಡ ಆಗೋದು ಎಲ್ಲೆಲ್ಲಿ?

ಜಮಖಂಡಿ ಸಿಎಚ್‌ಒ

ನಮಸ್ಕಾರ್ರಿ ಎಲ್ಲಾರಿಗೂ. ನಾನು ಜಮಖಂಡಿ ಕಡೆಯ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ). ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗೆ ಮುಂದಿನ ತಿಂಗಳು ಅರ್ಧ ದಿನದ ತರಬೇತಿ ಇದೆ. ಬಾಯಿ, ಸ್ತನ, ಗರ್ಭಕಂಠ ಈ ಮೂರು ಕ್ಯಾನ್ಸರ್‌ಗಳ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ, ಅದಕ್ಕೆ ಫಾರ್ಮು ಇದೆ, ಗುರಿ ಇದೆ. ಅಂಡಾಶಯದ ಕ್ಯಾನ್ಸರ್‌ಗೆ ಇದ್ಯಾವುದೂ ಇಲ್ಲ. ಭಾರತದ ಹೆಂಗಸರಲ್ಲಿ ಸ್ತನ, ಗರ್ಭಕಂಠದ ನಂತರ ಇದೇ ಮೂರನೆಯದು. 2022ರ ಜಾಗತಿಕ ಅಂದಾಜಿನ ಪ್ರಕಾರ ದೇಶದಲ್ಲಿ ವರ್ಷಕ್ಕೆ ಸುಮಾರು 47 ಸಾವಿರ ಹೊಸ ರೋಗಿಗಳು, ಸುಮಾರು 33 ಸಾವಿರ ಸಾವು.

ಕೇಳಬೇಕಾದದ್ದು ಮೂರು. ಐವತ್ತು ದಾಟಿದವರಿಗೆಲ್ಲ ಶಿಬಿರ ಹಾಕಿ ಸಿಎ-125 (ಈ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಏರುವ ಒಂದು ಪ್ರೋಟೀನ್) ರಕ್ತಪರೀಕ್ಷೆ ಮಾಡಿಸಿದರೆ ಆಗದೇ? ಅಮೆರಿಕದಲ್ಲಿ ಕಪ್ಪು ಹೆಂಗಸರಿಗೆ ಈ ರೋಗ ಬಿಳಿಯರಿಗಿಂತ ಕಡಿಮೆ ಬರುತ್ತದೆ, ಆದರೆ ಬಂದವರಲ್ಲಿ ಬದುಕುವವರೂ ಕಡಿಮೆ ಎಂದು ಓದಿದೆ. ಅಂಥ ಅಂತರ ನಮ್ಮ ಜಿಲ್ಲೆಗಳಲ್ಲಿ ಎಲ್ಲಿ ಹುಟ್ಟುತ್ತದೆ? ಕೊನೆಯದಾಗಿ, ಜಮಖಂಡಿ, ಅಥಣಿ, ಇಂಡಿಯಂಥ ಕಡೆಯಿಂದ ರೋಗಿಯನ್ನು ಎಲ್ಲಿಗೆ ಕಳಿಸಬೇಕು, ಕೈಯಲ್ಲಿ ಯಾವ ಕಾಗದ ಇರಬೇಕು?

ಸ್ತ್ರೀರೋಗ ತಜ್ಞೆ, ಬಾಗಲಕೋಟೆ

ಶಿಬಿರ ಹಾಕಿ ಸಿಎ-125 ಮಾಡಿಸುವುದು ಬೇಡ. ಬ್ರಿಟನ್ನಿನಲ್ಲಿ ಮುಟ್ಟು ನಿಂತ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ತೆಗೆದುಕೊಂಡು, ಅರ್ಧದಷ್ಟು ಮಂದಿಗೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಅಥವಾ ಸ್ಕ್ಯಾನಿಂಗ್ ಮಾಡಿ, ಉಳಿದರ್ಧಕ್ಕೆ ಏನೂ ಮಾಡದೆ ಸುಮಾರು 16 ವರ್ಷ ಗಮನಿಸಿದರು. ಅಂತಿಮ ಫಲಿತಾಂಶ 2021ರಲ್ಲಿ ಬಂತು. ಕೆಲವರಲ್ಲಿ ರೋಗ ಬೇಗ ಸಿಕ್ಕಿತು, ಸಾವು ಮಾತ್ರ ಕಡಿಮೆಯಾಗಲಿಲ್ಲ. ಸಿಎ-125 ಮುಟ್ಟಿನ ದಿನಗಳಲ್ಲಿ ಏರುತ್ತದೆ, ಬಸಿರಲ್ಲಿ ಏರುತ್ತದೆ, ಫೈಬ್ರಾಯ್ಡ್, ಎಂಡೊಮೆಟ್ರಿಯೋಸಿಸ್, ಲಿವರ್ ಕಾಯಿಲೆ, ಹೊಟ್ಟೆಯ ಟಿಬಿ ಎಲ್ಲದರಲ್ಲೂ ಏರುತ್ತದೆ. ಒಂದನೇ ಹಂತದ ಕ್ಯಾನ್ಸರ್ ಇದ್ದವರಲ್ಲಿ ಅರ್ಧದಷ್ಟು ಮಂದಿಗೆ ಅದು 35ರ ಮಿತಿಯೊಳಗೇ ಇರುತ್ತದೆ. ಶಿಬಿರದಿಂದ ಮನೆಗೆ ಹೋಗುವುದು ಸುಳ್ಳು ಹೆದರಿಕೆ, ಇಲ್ಲವೇ ಸುಳ್ಳು ಧೈರ್ಯ.

ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು "ಕೆಳಗಿಂದೆಲ್ಲ ಚೆಕ್ ಆಗೇತಿ" ಎಂದುಕೊಳ್ಳುತ್ತಾರೆ. ಆ ತಪಾಸಣೆಯಲ್ಲಿ ಅಂಡಾಶಯ ಕಾಣುವುದೇ ಇಲ್ಲ. ಇದನ್ನು ಆಶಾಗಳಿಗೆ ಒತ್ತಿ ಹೇಳಿ.

ಎರಡನೇ ಪ್ರಶ್ನೆ ನನಗೆ ಹೆಚ್ಚು ಮುಖ್ಯ. ಶ್ರೀಮಂತ ದೇಶಗಳಲ್ಲೂ ಹೆಚ್ಚಿನವರು ಮೂರನೇ, ನಾಲ್ಕನೇ ಹಂತದಲ್ಲೇ ಬರುತ್ತಾರೆ, ಏಕೆಂದರೆ ಇದರಲ್ಲಿ ಹೆಚ್ಚಾಗಿ ಕಾಣುವ ಹೈ ಗ್ರೇಡ್ ಸೀರಸ್ ಬಗೆ ಬಹುಪಾಲು ಫೆಲೋಪಿಯನ್ ನಾಳದ ತುದಿಯಲ್ಲಿ ಹುಟ್ಟಿ ಸದ್ದಿಲ್ಲದೆ ಹೊಟ್ಟೆಯ ಪೊರೆಗೆ ಉದುರುತ್ತದೆ. ಹಾಗಾಗಿ "ತಡ ಮಾಡಿ ಬಂದಿ" ಎಂದು ಹೆಂಗಸನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅಮೆರಿಕದ ಲೆಕ್ಕ ನೋಡಿದರೆ, 1970ರ ದಶಕದಿಂದ ಈಚೆಗೆ ಬಿಳಿಯರ ಬದುಕುಳಿಯುವ ಪ್ರಮಾಣ ಏರಿದೆ, ಕಪ್ಪು ಹೆಂಗಸರದು ಏರಿಲ್ಲ. ಆದರೆ ಒಂದೇ ಟ್ರಯಲ್‌ನೊಳಗೆ ಒಂದೇ ಚಿಕಿತ್ಸೆ ಪಡೆದಾಗ ಇಬ್ಬರ ಫಲಿತಾಂಶ ಹತ್ತಿರ ಹತ್ತಿರ ಬಂದಿದೆ. ಅಂದರೆ ಅಂತರ ಬಹುಮಟ್ಟಿಗೆ ಹುಟ್ಟುವುದು ಸರಿಯಾದ ಆಪರೇಷನ್ ಮತ್ತು ಪೂರ್ತಿ ಕೀಮೋ ಯಾರಿಗೆ ಸಿಕ್ಕಿತು ಎನ್ನುವುದರಲ್ಲಿ. ಅಲ್ಲಿ ಚರ್ಮದ ಬಣ್ಣ ಮಾಡುವ ಕೆಲಸವನ್ನು ನಮ್ಮಲ್ಲಿ ದೂರ, ದುಡ್ಡು, ಜತೆಗೆ ಬರಬೇಕಾದವರ ಬಿಡುವು ಮಾಡುತ್ತವೆ.

ಮೊದಲ ನಷ್ಟ ಸ್ಕ್ಯಾನಿಂಗ್‌ಗೆ ಮುಂಚೆ. ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಮೇಲಿಂದ ಮೇಲೆ ಮೂತ್ರಕ್ಕೆ ಓಡುವುದು. ಇವು ತಿಂಗಳಲ್ಲಿ 12 ದಿನಕ್ಕಿಂತ ಹೆಚ್ಚು ಇದ್ದು, ಶುರುವಾಗಿ ಒಂದು ವರ್ಷ ಆಗಿಲ್ಲವೆಂದರೆ ಸ್ಕ್ಯಾನಿಂಗ್ ಬೇಕೇ ಬೇಕು. ಐವತ್ತರ ಮೇಲೆ ಹೊಸದಾಗಿ "ಗ್ಯಾಸ್" ಶುರುವಾದರೆ ಅದನ್ನು ಗ್ಯಾಸ್ ಎಂದು ನಂಬಬೇಡಿ. ಮೂರು ತಿಂಗಳು ಪ್ಯಾಂಟೊಪ್ರಜೋಲ್ ನುಂಗಿಸುತ್ತ ಕೂರುವುದು ನಮ್ಮ ಕಡೆ ಆಗುವ ಮಾಮೂಲಿ ತಪ್ಪು.

ಸ್ಕ್ಯಾನಿಂಗ್ ಸಾಧ್ಯವಾದಷ್ಟೂ ಯೋನಿಮಾರ್ಗದ್ದೇ ಆಗಲಿ. ರಿಪೋರ್ಟಿನಲ್ಲಿ "ಅಂಡಾಶಯದಲ್ಲಿ ಗಡ್ಡೆ" ಎಂದಿದ್ದರೆ ಸಾಲದು. ಒಳಗೆ ಒಂದೇ ಕೋಣೆಯೋ ಹಲವೋ, ಗಟ್ಟಿ ಭಾಗ ಇದೆಯೋ, ಒಂದೇ ಕಡೆಯೋ ಎರಡೂ ಕಡೆಯೋ, ಹೊಟ್ಟೆಯಲ್ಲಿ ನೀರಿದೆಯೋ, ಬೇರೆಡೆ ಹರಡಿದೆಯೋ, ಈ ಐದಕ್ಕೂ ಉತ್ತರ ಬರೆಸಿ. ಆಮೇಲೆ ಲೆಕ್ಕ ಸುಲಭ. ಹಲವು ಕೋಣೆ, ಗಟ್ಟಿ ಭಾಗ, ಎರಡೂ ಕಡೆ ಗಡ್ಡೆ, ನೀರು, ಹರಡುವಿಕೆ, ಈ ಐದರಲ್ಲಿ ಒಂದೂ ಇಲ್ಲದಿದ್ದರೆ 0, ಒಂದಿದ್ದರೆ 1, ಎರಡು ಅಥವಾ ಹೆಚ್ಚಿದ್ದರೆ 3. ಮುಟ್ಟು ಇನ್ನೂ ಇದ್ದರೆ 1, ನಿಂತಿದ್ದರೆ 3. ಈ ಎರಡನ್ನೂ ಸಿಎ-125ರ ಅಂಕಿಗೆ ಗುಣಿಸಿ. ಮುಟ್ಟು ನಿಂತವರಿಗೆ ಎರಡು ಲಕ್ಷಣ, ಸಿಎ-125 80 ಎಂದರೆ 3 × 3 × 80, ಅಂದರೆ 720. ಉತ್ತರ 200 ದಾಟಿತೆಂದರೆ ಆ ರೋಗಿಯ ಮೊದಲ ಆಪರೇಷನ್ ಕ್ಯಾನ್ಸರ್ ಸರ್ಜನ್ ಕೈಯಲ್ಲೇ ಆಗಬೇಕು. ಮೂವತ್ತರೊಳಗಿನ ಹುಡುಗಿಯಾದರೆ ಸಿಎ-125 ಒಂದರಿಂದ ಏನೂ ತಿಳಿಯದು, ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ರಕ್ತಪರೀಕ್ಷೆಗಳನ್ನೂ ನೋಡಬೇಕು. ಆ ವಯಸ್ಸಿನ ಜರ್ಮ್ ಸೆಲ್ ಗಡ್ಡೆಗಳು (ಅಂಡಾಣುವಿನ ಮೂಲ ಜೀವಕೋಶದಿಂದ ಹುಟ್ಟುವವು) ಬೇರೆ ಜಾತಿ, ಗುಣವಾಗುವ ಅವಕಾಶ ಬಹಳ, ಹೆಚ್ಚಿನವರಲ್ಲಿ ಗರ್ಭಕೋಶವನ್ನೂ ಇನ್ನೊಂದು ಅಂಡಾಶಯವನ್ನೂ ಉಳಿಸಬಹುದು.

ಎರಡನೇ ನಷ್ಟವೇ ದೊಡ್ಡದು: ತಪ್ಪಾದ ಮೊದಲ ಆಪರೇಷನ್. ಸಾದಾ ನೀರಿನ ಗಡ್ಡೆ ಎಂದುಕೊಂಡು ಸೂಜಿ ಹಾಕಿ ನೀರು ಎಳೆಯುವುದು, ದುರ್ಬೀನಿನಿಂದ ಗಡ್ಡೆಯನ್ನು ತುಂಡು ಮಾಡಿ ಚೀಲವಿಲ್ಲದೆ ಹೊರಗೆ ತೆಗೆಯುವುದು. ಒಂದನೇ ಹಂತದ ಎ (ಒಂದೇ ಅಂಡಾಶಯದೊಳಗಿರುವ ಗಡ್ಡೆ) ಇದ್ದದ್ದು ಹೊಟ್ಟೆಯಲ್ಲಿ ಒಡೆದ ಗಳಿಗೆಯಲ್ಲೇ ಒಂದನೇ ಹಂತದ ಸಿ ಆಗುತ್ತದೆ, ಬೇಕಿಲ್ಲದ ಕೀಮೋ ಬೇಕಾಗುತ್ತದೆ. ಸರಿಯಾದ ಆಪರೇಷನ್ನಿನಲ್ಲಿ ನಡುಗೆರೆಯ ಉದ್ದ ಕೊಯ್ತ ಇರುತ್ತದೆ. ಹೊಟ್ಟೆಯ ನೀರು ಅಥವಾ ತೊಳೆದ ನೀರಿನ ಪರೀಕ್ಷೆ, ಗರ್ಭಕೋಶ, ಎರಡೂ ಅಂಡಾಶಯ, ನಾಳಗಳು, ಒಮೆಂಟಮ್ ಎಂಬ ಕೊಬ್ಬಿನ ಪರದೆ, ಪೊರೆಯ ತುಣುಕುಗಳು, ಅಗತ್ಯವಿದ್ದಲ್ಲಿ ದುಗ್ಧಗ್ರಂಥಿಗಳು ಎಲ್ಲ ಬರಬೇಕು. ಹರಡಿದ ರೋಗದಲ್ಲಿ ಕಣ್ಣಿಗೆ ಕಾಣುವ ಗಡ್ಡೆ ಒಂದೂ ಉಳಿಯದಂತೆ ತೆಗೆಯುವುದು ಗುರಿ, ಬದುಕಿನ ಉದ್ದವನ್ನು ಇದು ತೀರ್ಮಾನಿಸುತ್ತದೆ. ಒಂದೇ ಸಲಕ್ಕೆ ಸಾಧ್ಯವಿಲ್ಲವೆನಿಸಿದರೆ ಮೊದಲು 3 ಕೀಮೋ, ಆಮೇಲೆ ಆಪರೇಷನ್, ಮತ್ತೆ 3 ಕೀಮೋ. ಡಿಸ್ಚಾರ್ಜ್ ಕಾರ್ಡಿನಲ್ಲಿ ಎಷ್ಟು ಗಡ್ಡೆ ಉಳಿಯಿತು ಎಂಬುದನ್ನು ಸೆಂಟಿಮೀಟರಿನಲ್ಲಿ ಬರೆಸಿಕೊಳ್ಳಿ. ಆ ಒಂದು ಸಾಲು ಇಲ್ಲದೆ ಬರುವವರೇ ಹೆಚ್ಚು.

ಪ್ಯಾಥಾಲಜಿ ಟೇಬಲ್, ಬೆಳಗಾವಿ

ಮೇಡಂ ಹೇಳಿದ ಎರಡು ನಷ್ಟಗಳ ನಡುವೆ ನಮ್ಮ ಭಾಗದಲ್ಲಿ ಇನ್ನೊಂದಿದೆ: ಟಿಬಿ ಎಂದು ತಿಳಿಯುವುದು. ಹೊಟ್ಟೆಯಲ್ಲಿ ನೀರು, ತೂಕ ಇಳಿತ, ಸಣ್ಣ ಜ್ವರ, ಒಮೆಂಟಮ್ ದಪ್ಪ, ಸಿಎ-125 ಕೆಲವು ನೂರು. ಎರಡೂ ರೋಗ ಹೀಗೇ ಕಾಣಬಹುದು. "ನೋಡೋಣ" ಎಂದು ಟಿಬಿ ಮಾತ್ರೆ ಶುರು ಮಾಡಿ ಎರಡು ತಿಂಗಳು ಕಾದರೆ, ಕ್ಯಾನ್ಸರ್ ಇದ್ದವಳಿಗೆ ಆ ಎರಡು ತಿಂಗಳು ತಿರುಗಿ ಸಿಗುವುದಿಲ್ಲ. ಇದರ ತಿರುವುಮುರುವೂ ಆಗುತ್ತದೆ: ಟಿಬಿ ಇದ್ದ ಹರೆಯದ ಹುಡುಗಿಯ ಅಂಡಾಶಯ ತೆಗೆಯುವುದು.

ಹೊಟ್ಟೆಯಿಂದ ಮೂರು ಲೀಟರ್ ನೀರು ತೆಗೆದು ಬಕೆಟ್ಟಿಗೆ ಸುರಿದು, ಲ್ಯಾಬಿಗೆ 5 ಎಂಎಲ್ ಕಳಿಸುತ್ತಾರೆ. ಅಷ್ಟರಲ್ಲಿ ಕ್ಯಾನ್ಸರ್ ಜೀವಕೋಶ ಸಿಗದಿದ್ದರೆ ಅದು ಆ ರೋಗಿಯ ತಪ್ಪಲ್ಲ. ಕನಿಷ್ಠ 50ರಿಂದ 100 ಎಂಎಲ್ ಕಳಿಸಿ, ಹೆಚ್ಚಾದರೆ ಇನ್ನೂ ಒಳ್ಳೆಯದು. ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿ. ಅದೇ ದಿನ ತಲುಪದಿದ್ದರೆ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಡಿ, ಫ್ರೀಜರಿನಲ್ಲಿ ಬೇಡ. ಚೀಟಿಯಲ್ಲಿ "ಸೈಟಾಲಜಿ ಮತ್ತು ಸೆಲ್ ಬ್ಲಾಕ್" (ನೀರಿನ ಜೀವಕೋಶಗಳ ಪರೀಕ್ಷೆ, ಮತ್ತು ಅವನ್ನು ಮೇಣದಲ್ಲಿ ಗಟ್ಟಿ ಮಾಡಿದ ತುಂಡು) ಎಂದೇ ಬರೆಯಿರಿ. ಸೆಲ್ ಬ್ಲಾಕ್ ಇದ್ದರೆ ಪ್ಯಾಕ್ಸ್-8, ಡಬ್ಲ್ಯುಟಿ-1, ಸಿಕೆ-7, ಸಿಕೆ-20 ಬಣ್ಣಗಳನ್ನು ಹಾಕಿ ಇದು ಅಂಡಾಶಯದ್ದೋ ಕರುಳಿನದ್ದೋ ಎಂದು ಹೇಳಬಹುದು. ರಕ್ತದಲ್ಲಿ ಸಿಇಎ (ಕರುಳಿನ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಏರುವ ಅಂಶ) ಕೂಡ ನೋಡಿ. ಸಿಎ-125ನ್ನು ಸಿಇಎಯಿಂದ ಭಾಗಿಸಿದಾಗ 25ಕ್ಕಿಂತ ಹೆಚ್ಚು ಬಂದರೆ ಅಂಡಾಶಯದ ಕಡೆಗೆ ವಾಲುತ್ತದೆ, ಕಡಿಮೆ ಬಂದರೆ ಹೊಟ್ಟೆ, ಕರುಳಿಗೆ ಎಂಡೋಸ್ಕೋಪಿ ಮಾಡಿಸದೆ ಮುಂದೆ ಹೋಗಬೇಡಿ.

ಅದೇ ನೀರಿನಲ್ಲಿ ಎಡಿಎ ಎಂಬ ಕಿಣ್ವದ ಪ್ರಮಾಣ ನೋಡಿಸಿ. 40ರ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಟಿಬಿಯ ಕಡೆಗೆ ಬೆರಳು ಮಾಡುತ್ತದೆ, ಖಚಿತ ಮಾಡುವುದಿಲ್ಲ. ಹೊಟ್ಟೆ ನೀರಿನ ಸಿಬಿನ್ಯಾಟ್ (ಟಿಬಿ ರೋಗಾಣುವಿನ ವಂಶವಾಹಿ ಹುಡುಕುವ ಪರೀಕ್ಷೆ) ನೆಗೆಟಿವ್ ಬಂದರೆ ಟಿಬಿ ಇಲ್ಲ ಎಂದೂ ಅಲ್ಲ, ಅಷ್ಟು ಸೂಕ್ಷ್ಮತೆ ಅದಕ್ಕಿಲ್ಲ. ತೀರ್ಪು ಕೊಡುವುದು ತುಣುಕು: ಸ್ಕ್ಯಾನಿಂಗ್ ನೋಡುತ್ತ ಒಮೆಂಟಮ್‌ನಿಂದ ಸೂಜಿ ಬಯಾಪ್ಸಿ. ಮೇಡಂ ಬೇಡವೆಂದದ್ದು ಅಂಡಾಶಯದೊಳಗೇ ನಿಂತಿರುವ ಗಡ್ಡೆಗೆ ಸೂಜಿ ಹಾಕುವುದನ್ನು. ಈಗಾಗಲೇ ಹರಡಿರುವ ಒಮೆಂಟಮ್‌ನಿಂದ ತೆಗೆಯುವುದು ತಪ್ಪಲ್ಲ, ಕೀಮೋ ಮೊದಲು ಕೊಡುವವರಿಗೆ ಅದು ಬೇಕೇ ಬೇಕು.

ಆಪರೇಷನ್ ಆದವರು ಇನ್ನೊಂದು ಊರಿಗೆ ಹೋಗುವಾಗ ರಿಪೋರ್ಟು ಮಾತ್ರ ಒಯ್ಯುತ್ತಾರೆ. ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕು ಎರಡನ್ನೂ ಕೇಳಿ ಪಡೆಯಿರಿ. ಬ್ಲಾಕ್ ಬಿಸಿಲಿಗೆ ಕರಗುತ್ತದೆ, ನಮ್ಮ ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಕಿಟಕಿ ಬಳಿ ಇಡಬೇಡಿ.

ಯೋಜನೆ ಕೌಂಟರ್, ವಿಜಯಪುರ

ಕಾಗದದ ವಿಚಾರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟು, ಗರಿಷ್ಠ 1.5 ಲಕ್ಷ. ಈ 5 ಲಕ್ಷ ಇಡೀ ಕುಟುಂಬದ್ದು, ಒಬ್ಬರದಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಮೊದಲು ಖಾಸಗಿಗೆ ಹೋಗಿ ಅಡ್ಮಿಟ್ ಆಗಿ, ಆಮೇಲೆ ರೆಫರಲ್ ಹುಡುಕಿಕೊಂಡು ಜಿಲ್ಲಾಸ್ಪತ್ರೆಗೆ ಓಡುವುದು ನಿತ್ಯದ ಗೋಳು.

ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದರೆ, ರೇಷನ್ ಕಾರ್ಡಿನಲ್ಲಿ ತವರಿನ ಹೆಸರು, ಆಧಾರಿನಲ್ಲಿ ಗಂಡನ ಮನೆಯ ಹೆಸರು. ಗಂಡ ತೀರಿಕೊಂಡವರು, ಬಿಟ್ಟು ಬಂದವರು, ಮಗನ ಕಾರ್ಡಿಗೆ ಹೆಸರು ಸೇರಿಸಿಲ್ಲದವರು, ಇವರೇ ಹೆಚ್ಚು ಅಲೆದಾಡುವುದು. ಇದನ್ನು ರೋಗ ಖಚಿತವಾಗುವ ಮೊದಲೇ, ಸ್ಕ್ಯಾನಿಂಗ್ ಬರೆದ ದಿನವೇ ಸರಿಪಡಿಸಲು ಹಚ್ಚಿ. ಕ್ಯಾನ್ಸರ್ ಪ್ಯಾಕೇಜಿಗೆ ಬಯಾಪ್ಸಿ ಅಥವಾ ಸೈಟಾಲಜಿ ವರದಿ ಇಲ್ಲದೆ ಒಪ್ಪಿಗೆ ಬರುವುದು ಕಷ್ಟ. ಅಲ್ಲಿಯವರೆಗಿನ ಸಿಟಿ, ರಕ್ತಪರೀಕ್ಷೆ, ಬಯಾಪ್ಸಿಯ ಖರ್ಚು ಸಾಮಾನ್ಯವಾಗಿ ಕೈಯಿಂದಲೇ. ಬಡವರು ನಿಲ್ಲುವುದು ಇಲ್ಲೇ. ಆಪರೇಷನ್ನಿಗೆ ಐದು ಲಕ್ಷದ ಕಾರ್ಡು ಇದೆ, ಸಿಟಿ ಮಾಡಿಸಲು ದುಡ್ಡಿಲ್ಲ. ಆದ್ದರಿಂದ ಈ ಪರೀಕ್ಷೆಗಳನ್ನು ಜಿಲ್ಲಾಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೇ ಮುಗಿಸಲು ನೋಡಿ. ಕೀಮೋಗೆ ಪ್ರತಿ ಸಲವೂ ಬೇರೆ ಒಪ್ಪಿಗೆ ಬೇಕಾಗುತ್ತದೆ, ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಹತ್ತಿರ ಎರಡು ದಿನ ಮೊದಲೇ ಮಾತಾಡಿ.

ಎಲ್ಲಿಗೆ ಎಂಬುದಕ್ಕೆ: ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ, ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಇಂಡಿ, ಸಿಂದಗಿಯವರಿಗೆ ಕಲಬುರಗಿಯ ಕಿದ್ವಾಯಿ ಕೇಂದ್ರ, ಆಮೇಲೆ 500 ಕಿ.ಮೀ. ದೂರದ ಬೆಂಗಳೂರು ಕಿದ್ವಾಯಿ. ಹೆಸರಿಗಿಂತ ಕೇಳಬೇಕಾದ ಪ್ರಶ್ನೆ ಒಂದೇ: ಹೆಂಗಸರ ಕ್ಯಾನ್ಸರ್ ಆಪರೇಷನ್ ಮಾಡುವ ಸರ್ಜನ್ ಇಲ್ಲಿ ಇದ್ದಾರಾ, ವಾರದಲ್ಲಿ ಯಾವ ದಿನ? ಅಥಣಿ, ಚಿಕ್ಕೋಡಿಯವರು ಮಿರಜಿಗೆ, ಇಂಡಿಯವರು ಸೊಲ್ಲಾಪುರಕ್ಕೆ ಹೋಗುವ ರೂಢಿ ಇದೆ. ಹತ್ತಿರ ಎನ್ನುವುದು ನಿಜ. ಆದರೆ ಆ ಆಸ್ಪತ್ರೆಯಲ್ಲಿ ನಮ್ಮ ಕಾರ್ಡು ನಡೆಯುತ್ತದೆಯೇ ಎಂದು ಗಡಿ ದಾಟುವ ಮೊದಲೇ ಕೇಳಿ, ಅಡ್ವಾನ್ಸ್ ಕಟ್ಟಿದ ಮೇಲಲ್ಲ.

ಪ್ರಯಾಣಕ್ಕೆ: ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜತೆಗಿರುವವರಿಗೆ ಅದೇ ದರ್ಜೆಗಳಲ್ಲಿ ಶೇ. 75. ಆಸ್ಪತ್ರೆಯ ಡಾಕ್ಟರು ರೈಲ್ವೆ ನಮೂನೆಯಲ್ಲಿ ಸಹಿ, ಮೊಹರು ಹಾಕಿಕೊಡಬೇಕು. ಗೋಲಗುಂಬಜ್ ಎಕ್ಸ್‌ಪ್ರೆಸ್, ರಾಣಿ ಚನ್ನಮ್ಮ ಎರಡಕ್ಕೂ ನಡೆಯುತ್ತದೆ. ರಾಜ್ಯದೊಳಗಿನ ಸಾದಾ ಬಸ್ಸುಗಳಲ್ಲಿ ಹೆಂಗಸರಿಗೆ ಶಕ್ತಿ ಯೋಜನೆ ಇದ್ದೇ ಇದೆ, ಜತೆಗೆ ಬರುವ ಗಂಡಸಿನ ಟಿಕೆಟ್ಟೇ ಹೊರೆ. ಜತೆಗೆ ಅಕ್ಕನೋ ತಂಗಿಯೋ ಬಂದರೆ ಆ ಖರ್ಚೂ ಉಳಿಯುತ್ತದೆ.

ಡೇ ಕೇರ್ ಸಿಸ್ಟರ್

ಕೀಮೋ ಬಗ್ಗೆ ಯಾರೂ ಬರದಿಲ್ಲ, ಅದಕ್ಕ ನಾ ಬರೀತೇನ್ರಿ. ಸಾಮಾನ್ಯವಾಗಿ ಕೊಡೋದು ಪ್ಯಾಕ್ಲಿಟ್ಯಾಕ್ಸೆಲ್ ಮತ್ತ ಕಾರ್ಬೋಪ್ಲಾಟಿನ್, 21 ದಿನಕ್ಕೊಮ್ಮೆ, ಒಟ್ಟ 6 ಸಲ. ಎರಡೂ ಅವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯೊಳಗ ಅದಾವು, ಬೆಲಿಗೆ ಮಿತಿ ಐತಿ. ಹಿಂಗಾಗಿ ಔಷಧ ಇಲ್ಲದ್ದಕ್ಕ ಸಾಯೋದು ಕಡಿಮಿ, ಅರ್ಧಕ್ಕ ಬಿಟ್ಟು ಹೋಗೋದ ಹೆಚ್ಚು.

ಬಡಕಲ ಹೆಣ್ಮಕ್ಕಳ ಡೋಸ್ ಲೆಕ್ಕದಾಗ ಒಂದು ಕುಣಿ ಐತಿ. 55 ವಯಸ್ಸು, 45 ಕೆಜಿ, ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) 0.7 ಇದ್ದಾಕಿಗೆ ಎಯುಸಿ (ಮೈಯಾಗ ಔಷಧ ಎಷ್ಟು ಸಿಗಬೇಕು ಅನ್ನೋ ಗುರಿ) 5 ಹಿಡದ್ರ ಕಾರ್ಬೋಪ್ಲಾಟಿನ್ ಸುಮಾರು 450 ಎಂಜಿ ಬರತೈತಿ. ಅದ ಹೆಣ್ಮಗಳು ಉಣ್ಣದ ಸೊರಗಿ ಕ್ರಿಯಾಟಿನಿನ್ 0.4ಕ್ಕ ಇಳದ್ರ ಲೆಕ್ಕ 690ಕ್ಕ ಹಾರತೈತಿ. ಮೂತ್ರಪಿಂಡ ಚಲೋ ಆಗಿದ್ದಕ್ಕಲ್ಲ, ಮಾಂಸ ಕರಗಿದ್ದಕ್ಕ. ಹಂಗ ಕೊಟ್ರ ಪ್ಲೇಟ್‌ಲೆಟ್ ನೆಲಾ ಕಚ್ಚತಾವು. ಅದಕ್ಕ 0.7ಕ್ಕಿಂತ ಕೆಳಗ ಬಂದ್ರ 0.7 ಅಂತನ ಹಿಡದು ಲೆಕ್ಕಾ ಹಾಕೋ ಪದ್ಧತಿ ಐತಿ. ಡಾಕ್ಟರ್‌ಗೆ ನೆನಪ ಮಾಡ್ರಿ, ತಪ್ಪೇನಿಲ್ಲ.

ಪ್ಯಾಕ್ಲಿಟ್ಯಾಕ್ಸೆಲ್‌ಗೆ ಮೊದಲ ರಿಯಾಕ್ಷನ್ ತಡಿಯೋ ಡೆಕ್ಸಾಮೆಥಾಸೋನ್ ಮಾತ್ರಿ 12 ತಾಸ ಮೊದಲ ಒಮ್ಮೆ, 6 ತಾಸ ಮೊದಲ ಒಮ್ಮೆ ಬರದಿರತಾರ. ರಾತ್ರಿ ಬಸ್ಸಿನಾಗ ಬರಾಕಿ ಅದನ್ನ ಮರತ ಬಿಡತಾಳ. ಮರತಿದ್ರ ಸುಮ್ಮನಿರಬ್ಯಾಡ್ರಿ, ಬಂದ ಕೂಡಲೇ ಸಿಸ್ಟರ್‌ಗೆ ಹೇಳ್ರಿ, ಇಂಜೆಕ್ಷನ್ ಕೊಟ್ಟು ಸರಿ ಮಾಡಬಹುದು. ರಿಯಾಕ್ಷನ್ ಬರೋದಿದ್ರ ಹೆಚ್ಚಾಗಿ ಮೊದಲನೇ ಇಲ್ಲಾ ಎರಡನೇ ಸಲ, ಹನಿ ಶುರು ಆದ 10-15 ನಿಮಿಷದಾಗ: ಮುಖ ಕೆಂಪ, ಎದಿ ಬಿಗಿತ, ಬೆನ್ನ ನೋವು. ಆ ಹೊತ್ತಿನಾಗ ಜತಿಗಿದ್ದವರು ಚಹಾ ಕುಡಿಯಾಕ ಹೋಗಬಾರದು.

ಮನಿಗೆ ಹ್ವಾದ ಮ್ಯಾಲೆ ಜ್ವರದ ಮಾತು. ಥರ್ಮಾಮೀಟರ್ 100.4 ತೋರಿಸಿದ್ರ ಅದು ಸಾದಾ ಜ್ವರಲ್ಲ. ಅದರಾಗೂ 7ನೇ ದಿನದಿಂದ 14ನೇ ದಿನದ ನಡುವ ಬಿಳಿ ರಕ್ತಕಣ ಇಳದಿರತಾವು, ತಾಸಿನೊಳಗ ನರಕ್ಕ ಆಂಟಿಬಯೋಟಿಕ್ ಬೀಳಬೇಕು. ಪ್ಯಾರಾಸಿಟಮಾಲ್ ನುಂಗಿ ಸೋಮವಾರದ ಒಪಿಡಿಗೆ ಕಾಯೋದು ಜೀವಕ್ಕ ಎರವು. ಬೆಳಗಾವಿಗೆ ಓಡೂದಕ್ಕಿಂತ ಮೊದಲ ತಾಲ್ಲೂಕ ಆಸ್ಪತ್ರಿಗೆ ಹೋಗಿ ಕೀಮೋ ಕಾರ್ಡ್ ತೋರಿಸಿ ಮೊದಲ ಡೋಸ್ ಹಾಕಿಸ್ಕೊಳ್ರಿ. ಸಿಎಚ್‌ಒ ಅವರ, ನಿಮ್ಮ ತರಬೇತ್ಯಾಗ ಒಂದ ಮಾತ ಕಲಿಸೋದಿದ್ರ ಇದನ್ನ ಕಲಿಸ್ರಿ.

21 ದಿನ ತಪ್ಪೋದು ಎಂದ? ಕಬ್ಬಿನ ಕಟಾವು ಶುರು ಆದಾಗ, ಜಾತ್ರಿ ಬಂದಾಗ, ಕೂದಲ ಉದರಿದ ಮ್ಯಾಲೆ ಮಂದಿ ಮುಂದ ಬರಾಕ ನಾಚಿಕಿ ಆದಾಗ. ಮೂರನೇ ಕೀಮೋ ಆದ ಮ್ಯಾಲೆ ಹೊಟ್ಟಿ ನೀರು ಬತ್ತಿ ಹಸಿವು ಆಗತೈತಿ, "ಆರಾಮ ಆತು" ಅಂತ ಆಪರೇಷನ್ ಬಿಟ್ಟು ಬಿಡತಾರ. ಇದಕ್ಕಿಂತ ದೊಡ್ಡ ಮೋಸ ಇಲ್ರಿ. ಆರಾಮ ಆಗಿದ್ದಕ್ಕ ಆಪರೇಷನ್ ಈಗ ಸಾಧ್ಯ ಐತಿ ಅಂತ ಮನಿಯವರಿಗೆ ಮೊದಲ ಕೀಮೋ ದಿನಾನ ಹೇಳಿ ಇಡ್ರಿ. ಕೊನಿಗೆ ಕಾಲ ಜೋಮು: ಪಾದ ಮರಗಟ್ಟಿದ್ರ ಬರಿಗಾಲಿಲೆ ಹೊಲಕ್ಕ ಹೋಗಬ್ಯಾಡ್ರಿ, ಮುಳ್ಳ ಚುಚ್ಚಿದ್ದ ತಿಳಿಯೂದಿಲ್ಲ.

ಜಮಖಂಡಿ ಸಿಎಚ್‌ಒ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಇನ್ನೆರಡು ಸಂಶಯ. ಗರ್ಭಚೀಲ ತೆಗೆಸಿದವರು ನಮ್ಮಲ್ಲಿ ಬಹಳ, ಅವರಿಗೆ ಈ ರೋಗದ ಭಯ ಇಲ್ಲವೇ? ಸೋದರಮಾವನಿಗೆ ಕೊಟ್ಟ ಮದುವೆಗಳಿಂದ ಇದು ಹೆಚ್ಚುತ್ತದೆಯೇ?

ಸ್ತ್ರೀರೋಗ ತಜ್ಞೆ, ಬಾಗಲಕೋಟೆ

ಗರ್ಭಕೋಶ ಹೋದ ಮಾತ್ರಕ್ಕೆ ಅಂಡಾಶಯ ಹೋಗಿರುವುದಿಲ್ಲ. ಮೂವತ್ತು, ನಲವತ್ತರೊಳಗೆ ತೆಗೆಸಿದವರಲ್ಲಿ ಅವನ್ನು ಉಳಿಸಿರುವುದು ಸಾಮಾನ್ಯ, ಉಳಿಸುವುದೇ ಸರಿ ಕೂಡ. ಅವರಿಗೆ ಮುಟ್ಟು ಇಲ್ಲದ್ದರಿಂದ ಮುಟ್ಟು ನಿಂತ ವಯಸ್ಸು ಗೊತ್ತಾಗುವುದಿಲ್ಲ. ಐವತ್ತರ ಮೇಲಿದ್ದರೆ ಲೆಕ್ಕದಲ್ಲಿ 3 ಎಂದೇ ಹಿಡಿಯಿರಿ.

ರಕ್ತಸಂಬಂಧದ ಮದುವೆಗೆ ಇಲ್ಲಿ ದೋಷ ಹೊರಿಸಬೇಡಿ. ಸ್ತನ, ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ಬಿಆರ್‌ಸಿಎ ವಂಶವಾಹಿಯ ದೋಷ ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧ. ಆದ್ದರಿಂದ ತಂದೆಯ ಕಡೆಯ ಅತ್ತೆ, ಅಜ್ಜಿಯರ ಸ್ತನ ಕ್ಯಾನ್ಸರನ್ನೂ ಕೇಳಬೇಕು, ಯಾರೂ ಕೇಳುವುದಿಲ್ಲ. ಹೈ ಗ್ರೇಡ್ ಸೀರಸ್ ರೋಗಿಗಳಲ್ಲಿ ಶೇ. 15ರಿಂದ 20ರಷ್ಟು ಮಂದಿಗೆ ಈ ದೋಷ ಇರುತ್ತದೆ, ವಂಶದಲ್ಲಿ ಯಾರಿಗೂ ಇಲ್ಲದಿದ್ದರೂ ಪರೀಕ್ಷೆಗೆ ಅರ್ಹರು. ದೋಷ ಸಿಕ್ಕರೆ ರೋಗಿಗೆ ಕೀಮೋ ನಂತರ ರೋಗ ಮರಳುವುದನ್ನು ತಡ ಮಾಡುವ ಒಲಾಪರಿಬ್ ಮಾತ್ರೆಯ ದಾರಿ ತೆರೆಯುತ್ತದೆ, ದುಬಾರಿ ನಿಜ. ಆದರೆ ದೋಷ ಇರುವ ಅಕ್ಕತಂಗಿಯರು, ಹೆಣ್ಣುಮಕ್ಕಳು ಮಕ್ಕಳಾದ ಮೇಲೆ, ಬಿಆರ್‌ಸಿಎ-1 ಆದರೆ 35ರಿಂದ 40ರೊಳಗೆ, ಬಿಆರ್‌ಸಿಎ-2 ಆದರೆ 40ರಿಂದ 45ರೊಳಗೆ ಅಂಡಾಶಯ, ನಾಳ ಎರಡನ್ನೂ ತೆಗೆಸಿಕೊಂಡರೆ ರೋಗವನ್ನು ಬಹುಪಾಲು ತಡೆಯಬಹುದು. ಆ ಆಪರೇಷನ್ನಿಗೆ ದೊಡ್ಡ ಊರು ಬೇಕಿಲ್ಲ.

ಆಶಾಗಳಿಗೆ ದೊಡ್ಡ ಪಾಠ ಬೇಡ, ನಲವತ್ತೈದು ದಾಟಿದವರ ಮನೆಗೆ ಹೋದಾಗ ಈ ಪ್ರಶ್ನೆಗಳು ಸಾಕು: "ಸೀರಿ ಗಂಟು ಮೊದಲಿನಗತೆ ಕೂಡತೈತೇನಬೇ, ಬಿಗಿ ಆಗೇತೇನು? ಒಂದು ರೊಟ್ಟಿ ಉಣ್ಣೂದ್ರಾಗ ಹೊಟ್ಟಿ ತುಂಬತೈತೇನು? ಎಷ್ಟ ದಿನಾ ಆತು?" ಮೂರು ವಾರಕ್ಕಿಂತ ಹೆಚ್ಚು ಎಂದರೆ ನಿಮ್ಮ ಹತ್ತಿರ ಕಳಿಸಲಿ, ನೀವು ಸ್ಕ್ಯಾನಿಂಗ್ ಚೀಟಿ ಬರೆಸಿ. ಹಳೆಯ ಗರ್ಭಕೋಶದ ಆಪರೇಷನ್ ಕಾರ್ಡು ಟ್ರಂಕಿನಲ್ಲಿದ್ದರೆ ಅದನ್ನೂ ತರಲು ಹೇಳಿ, ಅಂಡಾಶಯ ಉಳಿದಿದೆಯೋ ಇಲ್ಲವೋ ಅದರಲ್ಲೇ ಬರೆದಿರುತ್ತದೆ.